ಕಬ್ಬಿನ ಬಿಲ್ ಬರುವ ಮೊದಲು

ತಮ್ಮಾ,

ಮೊನ್ನೆ ಫ್ಯಾಕ್ಟರಿ ರಸ್ತೆಯ ಚಹಾದಂಗಡಿ ಮುಂದೆ ನೀನು ಕೇಳಿದೆ: "ಕಾಕಾ, ಈ ಸಲ ಕಬ್ಬಿನ ಬಿಲ್ ಬಂದ್ರ ಅಪ್ಪ ಕ್ಯಾಮೆರಾ ಕೊಡಸ್ತೀನಿ ಅಂದಾನ. ಯಾವುದು ತಗೊಳ್ಳಲಿ?" ಟ್ರ್ಯಾಕ್ಟರುಗಳ ಸದ್ದಿನಲ್ಲಿ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಮನೆಗೆ ಬಂದ ಮೇಲೂ ನಿನ್ನ ಮಾತು ಮನಸ್ಸಿನಲ್ಲೇ ಉಳಿಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಈ ವರ್ಷ ಕ್ಯಾಮೆರಾ ತಗೋಬೇಡ. ಹದಿನಾಲ್ಕು ತಿಂಗಳು ಹೊಲದಲ್ಲಿ ನಿಂತ ಬೆಳೆಯ ದುಡ್ಡು ಅದು. ನಿನ್ನ ಕಿಸೆಯಲ್ಲಿರುವ ಫೋನು ಒಂದು ವರ್ಷಕ್ಕೆ ಸಾಲುತ್ತದೆ. ಯಾಕೆ ಸಾಲುತ್ತದೆ ಅಂತ ಹೇಳುತ್ತೇನೆ, ಕೇಳು.

ನನ್ನ ಮೊದಲ ಕ್ಯಾಮೆರಾ ಆಗ್ಫಾ ಕ್ಲಿಕ್ ಥ್ರೀ. 120 ಅಳತೆಯ ರೋಲು ಹಾಕಿದರೆ 12 ಚೌಕ ಚಿತ್ರ ಬರುತ್ತಿದ್ದವು, ಅಷ್ಟೇ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನವರ 'ಇಂದು' ಫಿಲ್ಮ್ ಸಿಕ್ಕರೆ ಅದನ್ನೇ ಹಾಕುತ್ತಿದ್ದೆ. ದೂರಕ್ಕೆ ತಕ್ಕಂತೆ ತಿರುಗಿಸುವ ಉಂಗುರ ಆ ಕ್ಯಾಮೆರಾಕ್ಕೆ ಇರಲಿಲ್ಲ. ಅದು ಗೊತ್ತಿಲ್ಲದೆ ಮೊದಲ ರೋಲಿನಲ್ಲಿ ನಮ್ಮವ್ವನ ಮುಖಕ್ಕೆ ತೀರ ಹತ್ತಿರ ಹೋಗಿ ತೆಗೆದೆ. ಹಿಂದಿನ ಗೋಡೆಯ ಗಿಲಾವು ಸ್ಪಷ್ಟವಾಗಿ ಬಂದಿತ್ತು, ಅವ್ವ ಮಸುಕಾಗಿದ್ದಳು. ಎರಡನೆಯ ರೋಲಿಗೆ ಹೆಜ್ಜೆ ಅಳೆದು ನಿಲ್ಲುವುದನ್ನು ಕಲಿತೆ. ಅದರ ಷಟರ್ ನಿಧಾನದ್ದು, ಓಡುವುದನ್ನು ಅದು ಹಿಡಿಯುವುದಿಲ್ಲ ಅಂತ ಮೂರನೆಯ ರೋಲಿಗೆ ತಿಳಿಯಿತು. ಆ ಡಬ್ಬಿಗೆ ಏನು ಆಗುವುದಿಲ್ಲ ಎಂಬುದು ಪೂರ್ತಿ ಗೊತ್ತಾದ ದಿನದಿಂದ ನನ್ನ ಚಿತ್ರಗಳು ಸುಧಾರಿಸಿದವು. 1900ರಲ್ಲಿ ಅಮೆರಿಕದ ಕೊಡಕ್ ಕಂಪನಿ ಒಂದು ಡಾಲರಿಗೆ ಬ್ರೌನಿ ಎಂಬ ಡಬ್ಬಿ ಕ್ಯಾಮೆರಾ ಮಾರಿದಾಗಲೂ ಜನ ಕಲಿತದ್ದು ಹೀಗೇ.

ಆದರೂ ನನಗೆ ಫೋಟೊ ತೆಗೆಯಲು ಕಲಿಸಿದವರು ಫೋಟೊದವರಲ್ಲ. ನಮ್ಮ ಸೀಮೆಯಲ್ಲಿ ಬೇಟೆ ನಾಯಿ ಸಾಕುತ್ತಿದ್ದ ಒಬ್ಬ ಹಿರಿಯರು. ಮುಧೋಳ ನಾಯಿಯ ಹೆಸರು ಇವತ್ತು ದೇಶಕ್ಕೆಲ್ಲ ಗೊತ್ತು. 2005ರಲ್ಲಿ ಅಂಚೆ ಇಲಾಖೆ ಅದರ ಐದು ರೂಪಾಯಿ ಚೀಟಿ ತಂದಿತು. ನಮ್ಮ ತಿಮ್ಮಾಪುರದಲ್ಲೇ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ, ಸೇನೆಯವರು ಇಲ್ಲಿಂದಲೇ ಮರಿಗಳನ್ನು ಮೀರತ್‌ಗೆ ಒಯ್ದರು. ನಾನು ಹೇಳುವುದು ಇದೆಲ್ಲ ಆಗುವುದಕ್ಕಿಂತ ಬಹಳ ಹಿಂದಿನ ಮಾತು. ಆ ಹಿರಿಯರು ತಮ್ಮ ನಾಯಿಯ ಫೋಟೊ ಬೇಕು ಅಂದರು. ನಾನು ಹೋಗಿ ಮುಖ ಚಂದ ಬರುವಂತೆ ಎದುರಿನಿಂದ ತೆಗೆದು, ಪ್ರಿಂಟು ಹಾಕಿಸಿ ಒಯ್ದು ಕೊಟ್ಟೆ. ಅವರು ಬಹಳ ಹೊತ್ತು ನೋಡಿ ಹೇಳಿದ್ದು ಒಂದೇ ಮಾತು: "ಇದರಾಗ ನಾಯಿ ಎಲ್ಲೈತೋ ತಮ್ಮಾ? ಕಾಲs ಇಲ್ಲಲ್ಲ."

ಆಮೇಲೆ ಅವರೇ ನಾಯಿಯನ್ನು ಹಿಡಿದು ನಿಲ್ಲಿಸಿ ಬೆರಳಿಟ್ಟು ತೋರಿಸಿದರು. ಇಳಿದ ಎದೆ, ಮೇಲೆ ಸೇದಿಕೊಂಡ ಹೊಟ್ಟೆ, ಹಿಂಗಾಲಿನ ಮಡಿಕೆ, ಉದ್ದ ಕುತ್ತಿಗೆ. ಇದು ಓಡುವ ಪ್ರಾಣಿ, ಇದರ ಗುಣವೆಲ್ಲ ಪಕ್ಕದಿಂದ ನೋಡಿದರೆ ಕಾಣುತ್ತದೆ, ಪಂಜದಿಂದ ಬಾಲದ ತುದಿಯವರೆಗೆ ಒಂದಿಷ್ಟೂ ಕತ್ತರಿಸಬಾರದು ಅಂದರು. ನಾನು ನಿಂತು ಮೇಲಿನಿಂದ ತೆಗೆದಿದ್ದೆ, ಅದರಿಂದ ಕಾಲು ಗಿಡ್ಡವಾಗಿ ಕಂಡಿದ್ದವು. ಎರಡನೆಯ ಸಲ ನೆಲಕ್ಕೆ ಮೊಣಕಾಲೂರಿ, ನಾಯಿಯ ಎದೆಯ ಮಟ್ಟಕ್ಕೆ ಕ್ಯಾಮೆರಾ ಇಳಿಸಿ ತೆಗೆದೆ. ಕ್ಯಾಮೆರಾ ಅದೇ, ಫಿಲ್ಮೂ ಅದೇ. ಈ ಸಲ ಪ್ರಿಂಟು ನೋಡಿ ಅವರು ಮಾತಾಡದೆ ಕಿಸೆಯಲ್ಲಿಟ್ಟುಕೊಂಡರು.

ಆದ್ದರಿಂದ ಏನು ತೆಗೆಯುತ್ತೀಯೋ ಅದನ್ನು ಬಲ್ಲವರ ಹತ್ತಿರ ಮೊದಲು ಹೋಗಿ ಕೂಡು. ನಾಯಿಯನ್ನು ಸಾಕಿದವರಿಂದ ಕೇಳು, ಸೀರೆಯನ್ನು ಬನಹಟ್ಟಿಯ ನೇಕಾರರಿಂದ ಕೇಳು. ಮಗ್ಗದ ಮುಂದೆ ಅರ್ಧ ದಿನ ಕೂತರೆ ಲಾಳಿ ಯಾವ ಗಳಿಗೆಯಲ್ಲಿ ತಿರುಗುತ್ತದೆ, ನೇಯುವವರ ಕೈ ಯಾವಾಗ ಒಂದು ಕ್ಷಣ ನಿಲ್ಲುತ್ತದೆ ಅನ್ನುವುದು ನಿನಗೇ ತಿಳಿಯುತ್ತದೆ. ಆ ಕ್ಷಣಕ್ಕೆ ನಿನ್ನ ಫೋನಿನ ವೇಗ ಧಾರಾಳ ಸಾಕು.

ಈಗ ಫೋನಿನ ಮಾತು. ಮೊದಲು ಅದರ ಗಾಜನ್ನು ಮೆತ್ತನೆಯ ಅರಿವೆಯಿಂದ ಒರೆಸು. ನಿನ್ನ ಫೋಟೊಗಳು ಮಬ್ಬಾಗಿ ಬರುವುದಕ್ಕೆ ಅರ್ಧ ಕಾರಣ ಬೆರಳಿನ ಜಿಡ್ಡು. ಬೆರಳು ಅಗಲಿಸಿ ದೂರದ್ದನ್ನು ಹತ್ತಿರ ಎಳೆಯಬೇಡ. ಸಾದಾ ಫೋನಿನಲ್ಲಿ ಹಾಗೆ ಮಾಡಿದರೆ ಚಿತ್ರದ ನಡುವಿನ ತುಂಡು ಹಿಗ್ಗುತ್ತದೆ ಅಷ್ಟೇ, ವಿವರ ಹೆಚ್ಚುವುದಿಲ್ಲ. ಕಾಲು ಗಟ್ಟಿ ಇವೆ, ನಡೆದು ಹೋಗು. ಆದರೆ ಮೂಗಿಗೆ ಮೂಗು ತಾಗುವಷ್ಟು ಹತ್ತಿರವೂ ಹೋಗಬೇಡ. ಫೋನಿನ ಕಣ್ಣು ಅಗಲದ್ದು, ತೀರ ಹತ್ತಿರದಿಂದ ನಾಯಿಯ ಮೂತಿ ಸೋರೆಕಾಯಿಯಂತೆ ಉದ್ದವಾಗುತ್ತದೆ, ಮನುಷ್ಯರ ಮೂಗು ಊದಿಕೊಳ್ಳುತ್ತದೆ. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಆಯ್ಕೆಯನ್ನು ಮುಧೋಳ ನಾಯಿಗೆ ಬಳಸಲೇಬೇಡ. ಅಲ್ಲಿ ಮಸುಕು ಮಾಡುವುದು ಲೆಕ್ಕ ಹಾಕುವ ಸಾಫ್ಟ್‌ವೇರು. ಸಣ್ಣ ಬಾಲ, ತೆಳು ಕಿವಿ ಅದಕ್ಕೆ ತಿಳಿಯದೆ ಹಿನ್ನೆಲೆಯ ಜೊತೆ ಅವನ್ನೂ ಅಳಿಸಿಬಿಡುತ್ತದೆ.

ಎರೆಹೊಲದಲ್ಲಿ ಬಿಳಿ ನಾಯಿ ನಿಂತಿದೆ ಅಂತಿಟ್ಟುಕೋ. ಫೋನು ಕರಿ ಮಣ್ಣನ್ನು ನೋಡಿ ಕತ್ತಲೆ ಅಂದುಕೊಂಡು ಬೆಳಕು ಏರಿಸುತ್ತದೆ, ನಾಯಿ ಸುಣ್ಣದ ಗೋಡೆಯಾಗುತ್ತದೆ. ಆಗ ಪರದೆಯಲ್ಲಿ ನಾಯಿಯ ಮೈಮೇಲೆ ಬೆರಳೊತ್ತಿ, ಬೆಳಕಿನ ಗುರುತನ್ನು ಸ್ವಲ್ಪ ಕೆಳಗೆ ಜಾರಿಸು. ಚರ್ಮದಡಿಯ ಪಕ್ಕೆಲುಬಿನ ಸಾಲು ಕಾಣುವತನಕ ಇಳಿಸು. ಗೋಧಿ ಬಣ್ಣದ ನಾಯಿಯಾದರೆ ಒಣ ಜೋಳದ ಕಣಿಕೆಯ ಮುಂದೆ ನಿಲ್ಲಿಸಬೇಡ, ಎರಡೂ ಒಂದರಲ್ಲೊಂದು ಬೆರೆತುಹೋಗುತ್ತವೆ. ಓಡುವಾಗ ತೆಗೆಯಬೇಕೆಂದರೆ ಒಳ್ಳೆಯ ಬಿಸಿಲಿನಲ್ಲೇ ತೆಗೆ, ಬೆಳಕು ಕಡಿಮೆಯಾದಷ್ಟೂ ಫೋನು ನಿಧಾನವಾಗುತ್ತದೆ. ನಾಯಿ ನಿನ್ನ ಎಡದಿಂದ ಬಲಕ್ಕೆ ಹಾಯುವಾಗ ಫೋನು ಹಿಡಿದು, ಅದರ ಜೊತೆಗೇ ಸೊಂಟವನ್ನು ತಿರುಗಿಸುತ್ತ ಒತ್ತು. ಹತ್ತು ಸಲ ಕೆಡುತ್ತದೆ, ಹನ್ನೊಂದನೆಯದರಲ್ಲಿ ಹಿಂದಿನ ಹೊಲ ಗೆರೆಯಾಗಿ ಹರಿದು ನಾಯಿ ನಿಲ್ಲುತ್ತದೆ.

ಬೆಳಕಿನ ವಿಷಯದಲ್ಲಿ ನಮ್ಮ ಊರಿಗೆ ಒಂದು ದೊಡ್ಡ ಭಾಗ್ಯವಿದೆ. ನಾವಿರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಮೊದಲ ವಾರ ಮಧ್ಯಾಹ್ನದ ಸೂರ್ಯ ನೆಟ್ಟಗೆ ನೆತ್ತಿಯ ಮೇಲಿರುತ್ತಾನೆ. ಆಗ ಕಣ್ಣಿನ ಗುಳಿಯೆಲ್ಲ ಕಪ್ಪು, ಮೂಗಿನ ನೆರಳು ತುಟಿಯ ಮೇಲೆ. ಆ ಹೊತ್ತಿನಲ್ಲಿ ಯಾರ ಮುಖವನ್ನೂ ಬಯಲಲ್ಲಿ ತೆಗೆಯಬೇಡ, ಬಾಗಿಲ ಹೊಸ್ತಿಲ ಒಳಗೆ ಕರೆದು ನಿಲ್ಲಿಸು. ಡಿಸೆಂಬರಿನಲ್ಲಿ ಅದೇ ಸೂರ್ಯ ನಡುಹಗಲಿಗೂ ಸುಮಾರು 50 ಡಿಗ್ರಿಯಷ್ಟೇ ಏರಿ ದಕ್ಷಿಣಕ್ಕೆ ವಾಲಿರುತ್ತಾನೆ. ಬೆಳಕು ಪಕ್ಕದಿಂದ ಬಂದು ಮುಖ, ಮಣ್ಣು, ಕಬ್ಬಿನ ಗಣಿಕೆ ಎಲ್ಲಕ್ಕೂ ಉಬ್ಬುತಗ್ಗು ಕೊಡುತ್ತದೆ. ಕಬ್ಬಿನ ಹಂಗಾಮು ನಡೆಯುವುದೂ ಅದೇ ದಿನಗಳಲ್ಲಿ. ನಸುಕಿನಲ್ಲಿ ಗಾಣದ ಮನೆಗೆ ಹೋಗು. ಕೊಪ್ಪರಿಗೆಯ ಹಬೆ ನಿನಗೂ ಬಾಗಿಲ ಬಿಸಿಲಿಗೂ ನಡುವೆ ಇರುವಂತೆ ನಿಲ್ಲು. ಹಬೆ ಹೊಳೆಯುತ್ತದೆ, ಬೆಲ್ಲ ತಿರುವುವವರು ಕಪ್ಪು ಆಕಾರವಾಗಿ ಕಾಣುತ್ತಾರೆ. ಲಕ್ಷ ರೂಪಾಯಿ ಕ್ಯಾಮೆರಾದಲ್ಲಿ ತೆಗೆಯುವವನೂ ನಿಲ್ಲಬೇಕಾದ್ದು ಅದೇ ಜಾಗದಲ್ಲಿ.

ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ಹುಡುಕಿ ನೋಡು. 1923ರಲ್ಲಿ ಹುಟ್ಟಿದವರು, 1977ರಲ್ಲಿ ಪದ್ಮಶ್ರೀ ಬಂತು. ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿ ಕಾಣುವುದು ದಿನನಿತ್ಯದ ಜನ, ಇದ್ದ ಬೆಳಕು. ಆ ಜನರ ಮೇಲೆ ಅವರಿಗಿದ್ದ ಪ್ರೀತಿ ಕಾಗದದ ಮೇಲೂ ಕಾಣುತ್ತದೆ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕಬ್ಬು ಕಡಿಯುವ ಗ್ಯಾಂಗಿನವರು ಬೇರೆ ಊರಿಂದ ಬಂದು ಹೊಲದ ದಂಡೆಯಲ್ಲಿ ಗುಡಿಸಲು ಹಾಕಿರುತ್ತಾರೆ. ಅವರ ಹೆಣ್ಣುಮಕ್ಕಳನ್ನು, ಅಡಿಗೆ ಒಲೆಯನ್ನು, ಮಲಗಿದ ಕೂಸನ್ನು ದೂರದಿಂದ ಕದ್ದು ತೆಗೆಯಬೇಡ. ಅದು ಅವರ ಮನೆ. ಹೋಗಿ ಮಾತಾಡಿಸು, ಕೇಳು. ಬೇಡ ಅಂದರೆ ಫೋನು ಕಿಸೆಗೆ ಹಾಕು. ಹೂಂ ಅಂದರೆ ತೆಗೆದು, ಮುಧೋಳದಲ್ಲಿ ಪ್ರಿಂಟು ಹಾಕಿಸಿ, ಗ್ಯಾಂಗು ಊರು ಬಿಡುವುದರೊಳಗೆ ಅವರ ಕೈಗೆ ಮುಟ್ಟಿಸು. ಇದರಲ್ಲಿ ಆಲಸ್ಯ ಮಾಡುವುದಾದರೆ ಅವರನ್ನು ತೆಗೆಯಲೇಬೇಡ.

ನಿನಗಾಗಿಯೂ ಪ್ರಿಂಟು ಹಾಕಿಸು. ಫೋನು ಕಾಲುವೆಗೆ ಬಿದ್ದರೆ ಎಲ್ಲ ಹೋಯಿತು. ನನ್ನ ಹಳೆಯ ನೆಗೆಟಿವುಗಳು ಬೆಣ್ಣೆ ಕಾಗದದಲ್ಲಿ ಸುತ್ತಿ ಬಿಸ್ಕಿಟ್ ಡಬ್ಬಿಯಲ್ಲಿ ಇವತ್ತಿಗೂ ಇವೆ.

ನನ್ನ ಆ ಮೊದಲ ಕ್ಯಾಮೆರಾದ ರೋಲಿನ ಲೆಕ್ಕವನ್ನೇ ನೀನೂ ಹಾಕಿಕೋ. ವಾರಕ್ಕೆ 12 ಚಿತ್ರ, ಹೆಚ್ಚಿಲ್ಲ. ಯುಗಾದಿಯ ಹೊತ್ತಿಗೆ ಅದರಲ್ಲಿ ಒಳ್ಳೆಯ 12 ಆರಿಸಿ ಪ್ರಿಂಟು ಹಾಕಿಸಿ ತಗೊಂಡು ಬಾ. ಅದಕ್ಕೂ ಮುಂಚೆ, ಬರುವ ಭಾನುವಾರ ನಸುಕಿನಲ್ಲಿ ನನ್ನ ಜೊತೆ ಗಾಣದ ಮನೆಗೆ ನಡಿ. ಅಪ್ಪನಿಗೆ ಹೇಳು, ಕ್ಯಾಮೆರಾದ ಮಾತು ಮುಂದಿನ ಹಂಗಾಮಿಗೆ ನೋಡೋಣ ಅಂತ ಕಾಕಾ ಹೇಳ್ಯಾರ ಅಂತ.