ಹಿರಿಯ ಆಟಗಾರರೂ ಹೊಸ ಲೀಗುಗಳೂ

ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತೆಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಯೂರೋಪಿನಲ್ಲಿ ಕೀರ್ತಿ ಪಡೆದ ಕಾಲ್ಚೆಂಡಿನ ಆಟಗಾರನೊಬ್ಬನು ಮೂವತ್ತೈದನ್ನು ದಾಟಿದ ಬಳಿಕ ಅಮೆರಿಕದ ಲೀಗನ್ನು ಸೇರಿದನೆಂಬ ಸುದ್ದಿ ಬಂದಾಗ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಹಾಗೆಯೇ ನಗುವುದುಂಟು. "ಓಡಲಾರದವನು ಹಣಕ್ಕಾಗಿ ಹೋದ" ಎನ್ನುತ್ತಾರೆ. ಮತ್ತೆ ಕೆಲವರು ಆ ಹೆಸರನ್ನು ಕೇಳಿದ ಮಾತ್ರಕ್ಕೇ ಆ ಲೀಗು ಉದ್ಧಾರವಾಯಿತೆಂದು ನಂಬುತ್ತಾರೆ. ಎರಡು ಮಾತುಗಳಲ್ಲಿಯೂ ಅರ್ಧ ಸತ್ಯವಿದೆ. ಉಳಿದರ್ಧ ಯಾವುದೆಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಮೊದಲು ದೇಹಧರ್ಮವನ್ನು ನೋಡೋಣ. ನಿಂತಲ್ಲಿಂದ ಒಮ್ಮೆಲೇ ಧಾವಿಸುವ ಶಕ್ತಿಯು ಇಪ್ಪತ್ತರ ಹರೆಯದಲ್ಲಿ ಉನ್ನತ ಸ್ಥಿತಿಯಲ್ಲಿದ್ದು, ಮೂವತ್ತರ ನಂತರ ಕ್ರಮೇಣ ಕುಗ್ಗುತ್ತದೆ. ಪೆಟ್ಟು ಮಾಯುವುದಕ್ಕೂ, ಒಂದು ಪಂದ್ಯದ ದಣಿವು ಆರುವುದಕ್ಕೂ ಹೆಚ್ಚು ದಿನಗಳು ಬೇಕಾಗುತ್ತವೆ. ಆದರೆ ಚೆಂಡು ಎಲ್ಲಿಗೆ ಬಂದೀತೆಂದು ಮುಂದಾಗಿ ಅರಿಯುವ ದೃಷ್ಟಿ, ಜೊತೆಯವನ ಕಾಲಿಗೆ ಸರಿಯಾಗಿ ಚೆಂಡನ್ನು ಒಪ್ಪಿಸುವ ಹದ, ಇವು ಅಷ್ಟು ಬೇಗ ಅಳಿಯುವುದಿಲ್ಲ. ಹೆಚ್ಚು ಓಡಬೇಕಾಗಿಲ್ಲದ ಗೋಲ್‌ಕೀಪರುಗಳು ಇತರರಿಗಿಂತ ಬಹುಕಾಲ ಆಡುವುದು ಇದರಿಂದಲೇ. ಹೇಗಿದ್ದರೂ ಆಟಗಾರನ ಸಂಪಾದನೆಯ ಕಾಲ ಹದಿನೈದು ವರ್ಷಗಳಿಗಿಂತ ಹೆಚ್ಚಿರುವುದು ಅಪರೂಪ. ಹೀಗಿರುವಲ್ಲಿ, ಆತನು ಕೊನೆಯ ವರ್ಷಗಳಲ್ಲಿ ಹೆಚ್ಚು ವೇತನ ದೊರೆಯುವ ನಾಡಿಗೆ ಹೋದುದನ್ನು ಅಪರಾಧವೆಂದೆಣಿಸುವುದು ನ್ಯಾಯವಲ್ಲ.

ಆಟಗಾರನು ಊರು ಬಿಟ್ಟು ಊರಿಗೆ ಹೋಗುವುದು ನಮಗೇನೂ ಹೊಸದಲ್ಲ. ಬೆಂಗಳೂರಿನ ಅಹಮದ್ ಖಾನ್, ಧನರಾಜ್ ಮೊದಲಾದವರು ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ತಂಡದಲ್ಲಿ ಆಡಿ ಹೆಸರುವಾಸಿಯಾದರು. ನಮ್ಮ ಹುಬ್ಬತಲೈಗೆ ಸಮೀಪದ ವೆಲ್ಲಿಂಗ್ಟನ್ನಿನಲ್ಲಿರುವ ಮದ್ರಾಸ್ ರೆಜಿಮೆಂಟಲ್ ಸೆಂಟರ್ ತಂಡವು 1955ರಲ್ಲಿಯೂ 1958ರಲ್ಲಿಯೂ ಡುರಾಂಡ್ ಕಪ್ಪನ್ನು ಗೆದ್ದಿತು. ಆ ತಂಡದ ಗೋಲ್‌ಕೀಪರ್ ಪೀಟರ್ ತಂಗರಾಜ್ ಅವರೂ ಮುಂದೆ ಕಲ್ಕತ್ತೆಯ ಕ್ಲಬ್ಬುಗಳಿಗೆ ಆಡಿದರು. 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದರು. ಆದುದರಿಂದ ಆಟಗಾರನು ಏಕೆ ಹೋದನೆಂಬುದಕ್ಕಿಂತಲೂ, ಹೋದಲ್ಲಿ ಏನು ಉಳಿಯಿತೆಂಬ ಪ್ರಶ್ನೆಯೇ ಮುಖ್ಯವಾದುದು.

ಈ ಪ್ರಶ್ನೆಗೆ ಅಮೆರಿಕದ ಇತಿಹಾಸದಲ್ಲಿ ಎರಡು ಉತ್ತರಗಳು ದೊರೆಯುತ್ತವೆ. ಮೊದಲನೆಯದು 1968ರಲ್ಲಿ ಆರಂಭವಾದ ನಾರ್ತ್ ಅಮೆರಿಕನ್ ಸಾಕರ್ ಲೀಗಿನ ಕಥೆ. ಮೂರು ವಿಶ್ವಕಪ್ಪುಗಳನ್ನು ಗೆದ್ದ ಬ್ರೆಜಿಲಿನ ಪೆಲೆ ಅವರು 1975ರಲ್ಲಿ, ತಮ್ಮ 34ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ಕಾಸ್ಮೋಸ್ ತಂಡವನ್ನು ಸೇರಿದರು. 1977ರಲ್ಲಿ ಜರ್ಮನಿಯ ಬೆಕೆನ್‌ಬೌವರ್ ಅದೇ ತಂಡಕ್ಕೆ ಬಂದರು. 1979ರಲ್ಲಿ ಹಾಲೆಂಡಿನ ಕ್ರೈಫ್ ಲಾಸ್ ಏಂಜಲೀಸಿಗೆ ಬಂದರು. 1977ರ ಆಗಸ್ಟ್ 14ರಂದು ಕಾಸ್ಮೋಸಿನ ಪಂದ್ಯವೊಂದನ್ನು ನೋಡಲು 77,691 ಮಂದಿ ನೆರೆದಿದ್ದರು. ಮರುತಿಂಗಳು ಆ ತಂಡವು ಭಾರತಕ್ಕೂ ಬಂದು, ಸೆಪ್ಟೆಂಬರ್ 24ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಮೋಹನ್ ಬಗಾನ್ ತಂಡವನ್ನು ಎದುರಿಸಿತು. ನಮ್ಮವರಾದ ಶ್ಯಾಮ್ ಥಾಪಾ ಮತ್ತು ಮಹಮ್ಮದ್ ಹಬೀಬ್ ಗೋಲು ಗಳಿಸಿದರು. ಪಂದ್ಯ 2-2ರ ಸಮದಲ್ಲಿ ಮುಗಿಯಿತು.

ಇಷ್ಟೆಲ್ಲ ವೈಭವವಿದ್ದೂ ಆ ಲೀಗು ಬಾಳಲಿಲ್ಲ. ಒಂದು ತಂಡ ದೊಡ್ಡ ಹೆಸರನ್ನು ತಂದರೆ ಇತರ ತಂಡಗಳೂ ಶಕ್ತಿ ಮೀರಿ ವೆಚ್ಚಮಾಡಿದವು. 1978ರಲ್ಲಿ 24ಕ್ಕೆ ಏರಿದ್ದ ತಂಡಗಳ ಸಂಖ್ಯೆ 1984ರಲ್ಲಿ 9ಕ್ಕೆ ಇಳಿಯಿತು. ಅದೇ ವರ್ಷದ ಪಂದ್ಯಗಳೇ ಕೊನೆಯವಾದವು. ಸಾಲ ಮಾಡಿ ಹಬ್ಬ ಮಾಡಿದ ಮನೆಯಂತಾಯಿತು ಅದರ ಸ್ಥಿತಿ. ನೆಂಟರು ಹೋದ ಮೇಲೆ ಕಣಜದಲ್ಲಿ ಕಾಳಿರಲಿಲ್ಲ.

ಎರಡನೆಯದು 1996ರಲ್ಲಿ ಹತ್ತು ತಂಡಗಳಿಂದ ಮೊದಲಾದ ಮೇಜರ್ ಲೀಗ್ ಸಾಕರ್. ಹಿಂದಿನವರ ಪತನವನ್ನು ಕಂಡಿದ್ದ ಇದರ ಸ್ಥಾಪಕರು ಪ್ರತಿಯೊಂದು ತಂಡದ ವೇತನಕ್ಕೆ ಮಿತಿಯನ್ನು ವಿಧಿಸಿದರು. 2007ರಲ್ಲಿ ಇಂಗ್ಲೆಂಡಿನ ಬೆಕಮ್ ಬಂದಾಗ, ಆ ಮಿತಿಯನ್ನು ಮೀರಿ ವೇತನ ಪಡೆಯುವ ಬೆರಳೆಣಿಕೆಯ ಆಟಗಾರರಿಗೆ ಮಾತ್ರ ವಿನಾಯಿತಿ ಕೊಡುವ ನಿಯಮ ಜಾರಿಗೆ ಬಂದಿತು. ಆಮೇಲೆ 2010ರಲ್ಲಿ ಫ್ರಾನ್ಸಿನ ಆನ್ರಿ, 2015ರಲ್ಲಿ ಇಟಲಿಯ ಪಿರ್ಲೊ ಹಾಗೂ ಇಂಗ್ಲೆಂಡಿನ ಜೆರಾರ್ಡ್ ಮತ್ತು ಲ್ಯಾಂಪಾರ್ಡ್, 2018ರಲ್ಲಿ ಸ್ವೀಡನ್ನಿನ ಇಬ್ರಾಹಿಮೊವಿಚ್ ಬಂದರು. ಅರ್ಜೆಂಟೀನದವರಾದರೂ ಯೂರೋಪಿನ ಕ್ಲಬ್ಬುಗಳಲ್ಲಿಯೇ ಬೆಳೆದ ಮೆಸ್ಸಿ 2023ರಲ್ಲಿ, 36ನೆಯ ವಯಸ್ಸಿನಲ್ಲಿ, ಮಯಾಮಿಗೆ ಬಂದರು. ಇವರಲ್ಲಿ ಎಲ್ಲರೂ ಸಮಾನವಾಗಿ ಸಫಲರಾದರೆಂದು ಹೇಳಲಾಗದು. ಆದರೆ ಲೀಗು ಇವರೊಬ್ಬರನ್ನೇ ನೆಚ್ಚಿ ಕುಳಿತಿರಲಿಲ್ಲ. ಕ್ಲಬ್ಬುಗಳು ತಮ್ಮದೇ ಮೈದಾನಗಳನ್ನು ಕಟ್ಟಿಕೊಂಡವು. ಕಿರಿಯರಿಗೆ ತರಬೇತಿ ಶಾಲೆಗಳನ್ನು ತೆರೆದವು.

ಅದರ ಫಲಕ್ಕೆ ಒಂದೇ ನಿದರ್ಶನ ಸಾಕು. ಲೈಬೀರಿಯದ ಅಂತರ್ಯುದ್ಧದಿಂದ ಪಾರಾಗಿ ಬಂದ ತಂದೆತಾಯಿಗಳಿಗೆ ಘಾನಾದ ನಿರಾಶ್ರಿತರ ಶಿಬಿರದಲ್ಲಿ ಜನಿಸಿದ ಆಲ್ಫಾನ್ಸೊ ಡೇವಿಸ್ ಎಂಬ ಬಾಲಕನು ಕೆನಡಾವನ್ನು ಸೇರಿ, ವ್ಯಾಂಕೂವರ್ ಕ್ಲಬ್ಬಿನಲ್ಲಿ ತರಬೇತಿ ಪಡೆದು, 2016ರಲ್ಲಿ 15ನೆಯ ವಯಸ್ಸಿಗೇ ಈ ಲೀಗಿನಲ್ಲಿ ಆಡಿದನು. 2019ರಲ್ಲಿ ಜರ್ಮನಿಯ ಬಯರ್ನ್ ಮ್ಯೂನಿಕ್ ತಂಡಕ್ಕೆ ಹೋಗಿ, 2020ರಲ್ಲಿ ಆ ತಂಡದೊಡನೆ ಯೂರೋಪಿನ ಚಾಂಪಿಯನ್ಸ್ ಲೀಗನ್ನು ಗೆದ್ದನು. ಮುಪ್ಪಿನ ಕಡೆಗೆ ನಡೆದವರು ಯೂರೋಪಿನಿಂದ ಬರುತ್ತಿದ್ದ ದಾರಿಯಲ್ಲಿಯೇ ಎಳೆಯನೊಬ್ಬನು ಎದುರು ದಿಕ್ಕಿಗೆ ಹೋದನು. ಲೀಗಿನ ಆರೋಗ್ಯವನ್ನು ಅಳೆಯಬೇಕಾದುದು ಹೀಗೆ ಹೋದವರಿಂದಲೇ.

ಈಗ ನಮ್ಮ ದೇಶಕ್ಕೆ ಬರೋಣ. 2014ರ ಅಕ್ಟೋಬರ್ 12ರಂದು ಎಂಟು ತಂಡಗಳ ಇಂಡಿಯನ್ ಸೂಪರ್ ಲೀಗ್ ಪ್ರಾರಂಭವಾಯಿತು. ಅಮೆರಿಕದಂತೆಯೇ ಇಲ್ಲಿಯೂ ಹಿರಿಯ ತಾರೆಗಳನ್ನು ಕರೆಸಲಾಯಿತು. ದೆಹಲಿಗೆ 39 ವರ್ಷದ ಇಟಲಿಯ ಡೆಲ್ ಪಿಯೆರೊ, ಗೋವೆಗೆ 40 ವರ್ಷದ ಫ್ರಾನ್ಸಿನ ಪಿರೆಸ್, ಕೇರಳಕ್ಕೆ 44 ವರ್ಷದ ಇಂಗ್ಲಿಷ್ ಗೋಲ್‌ಕೀಪರ್ ಡೇವಿಡ್ ಜೇಮ್ಸ್ ಬಂದರು. ಮುಂಬಯಿಗೆ ಬಂದ ಸ್ವೀಡನ್ನಿನ ಯುಂಗ್‌ಬೆರಿ ಮೊದಲೇ ಅಮೆರಿಕದ ಲೀಗಿನಲ್ಲಿ ಆಡಿದ್ದವರು. ಡೆಲ್ ಪಿಯೆರೊ ಹತ್ತು ಪಂದ್ಯಗಳಲ್ಲಿ ಗಳಿಸಿದ್ದು ಒಂದೇ ಗೋಲು. ಕೋಲ್ಕತ್ತಕ್ಕೂ ಕೇರಳಕ್ಕೂ ನಡೆದ ಅಂತಿಮ ಪಂದ್ಯವನ್ನು ಕೊನೆಯ ಗಳಿಗೆಯಲ್ಲಿ ಗೆಲ್ಲಿಸಿದವರು ಪರದೇಶದ ತಾರೆಯಲ್ಲ, ಬಂಗಾಳದ ಮಹಮ್ಮದ್ ರಫೀಕ್. ಆದರೂ ಹಿರಿಯರು ಬಂದುದು ವ್ಯರ್ಥವಾಯಿತೆನ್ನಲಾಗದು. ಅವರನ್ನು ಕಾಣಬೇಕೆಂದೇ ಮೈದಾನಕ್ಕೆ ಬಂದವರು ನಮ್ಮ ಹುಡುಗರ ಆಟವನ್ನೂ ನೋಡಿದರು. ಮೊದಲು ಹನ್ನೊಂದು ಮಂದಿಯಲ್ಲಿ ಐವರು ಭಾರತೀಯರಿದ್ದರೆ ಸಾಕಾಗಿತ್ತು. 2017-18ರಲ್ಲಿ ಅದು ಆರಾಯಿತು, 2021-22ರಲ್ಲಿ ಏಳಾಯಿತು.

ಈ ಲೆಕ್ಕವನ್ನು ಓದಿ ತೃಪ್ತರಾಗುವ ಮೊದಲು, ಬೆಂಗಳೂರು ತಂಡದ ಸುನಿಲ್ ಛೆಟ್ರಿಯವರ ಜೀವನವನ್ನು ನೋಡಬೇಕು. ಆನ್ರಿ ನ್ಯೂಯಾರ್ಕಿಗೆ ಹೋದ 2010ರಲ್ಲಿಯೇ, 25 ವರ್ಷದ ಛೆಟ್ರಿಯವರೂ ಅಮೆರಿಕದ ಕ್ಯಾನ್ಸಸ್ ಸಿಟಿ ತಂಡವನ್ನು ಸೇರಿದರು. ಅಲ್ಲಿ ಅವರಿಗೆ ಆಡುವ ಅವಕಾಶ ವಿರಳವಾಗಿ ದೊರೆಯಿತು. ಸ್ವದೇಶಕ್ಕೆ ಮರಳಿ, 2013ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್.ಸಿ. ತಂಡದ ನಾಯಕರಾದರು. ಆ ತಂಡವು ಮೊದಲ ವರ್ಷವೇ ಐ-ಲೀಗನ್ನು ಗೆದ್ದಿತು. 2017ರಲ್ಲಿ ಸೂಪರ್ ಲೀಗನ್ನು ಸೇರಿ 2019ರಲ್ಲಿ ಅದನ್ನೂ ಗೆದ್ದಿತು. 2024ರ ಜೂನ್‌ನಲ್ಲಿ ಛೆಟ್ರಿಯವರು ರಾಷ್ಟ್ರೀಯ ತಂಡದಿಂದ ನಿವೃತ್ತರಾದರು. ಆದರೆ 40 ವರ್ಷದ ಅವರು 2024-25ರ ಲೀಗಿನಲ್ಲಿ 14 ಗೋಲುಗಳನ್ನು ಗಳಿಸಿ ಭಾರತೀಯರಲ್ಲಿ ಅಗ್ರಸ್ಥಾನ ಪಡೆದರು. 2025ರ ಮಾರ್ಚ್‌ನಲ್ಲಿ ಅವರನ್ನು ರಾಷ್ಟ್ರೀಯ ತಂಡಕ್ಕೆ ಮರಳಿ ಕರೆಯಲಾಯಿತು.

ಇದು ಅವರಿಗೆ ಗೌರವ, ನಮಗೆ ಎಚ್ಚರಿಕೆ. ನಲವತ್ತರ ಹಿರಿಯನಷ್ಟು ಗೋಲು ಹೊಡೆಯುವ ಇಪ್ಪತ್ತರ ಭಾರತೀಯನು ಏಕೆ ಸಿಗಲಿಲ್ಲ? ಗೋಲು ಹೊಡೆಯುವ ಸ್ಥಾನಕ್ಕೆ ಕ್ಲಬ್ಬುಗಳು ಬಹುಮಟ್ಟಿಗೆ ಪರದೇಶದವರನ್ನೇ ನಿಲ್ಲಿಸಿದವು. ಕಲಿಯಬೇಕಾದವನು ಬದಿಯ ಬೆಂಚಿನಲ್ಲಿ ಕುಳಿತನು. ಈಜು ಕಲಿಯಬೇಕಾದವನನ್ನು ದಡದಲ್ಲಿ ಕೂರಿಸಿದಂತಾಯಿತು. ಹಿರಿಯನು ಕಿರಿಯನ ಪಕ್ಕದಲ್ಲಿ ಆಡಿದರೆ ಆಟ ಬೆಳೆಯುತ್ತದೆ. ಕಿರಿಯನ ಬದಲಾಗಿ ಆಡಿದರೆ ಆಟ ನಿಂತುಹೋಗುತ್ತದೆ. ಅಮೆರಿಕದ ಎರಡು ಲೀಗುಗಳ ಕಥೆಯಿಂದಲೂ ನಾವು ಕಲಿಯುವ ಪಾಠ ಇದೇ.

ಪೋಷಕರಿಗೆ ಒಂದು ಮಾತು. ಇಳಿಜಾರಿನ ನಮ್ಮ ನೀಲಗಿರಿಯಲ್ಲಿ ಸಮತಟ್ಟಾದ ನೆಲವೇ ದುರ್ಲಭ. ಇರುವ ಮೈದಾನವನ್ನು ಉಳಿಸಿಕೊಳ್ಳುವುದು ನಮ್ಮೆಲ್ಲರ ಹೊಣೆ. ಒಂದು ಕಾಲದಲ್ಲಿ ಚೆನ್ನಾಗಿ ಆಡಿದ ಹಿರಿಯರು ಪ್ರತಿಯೊಂದು ಹಟ್ಟಿಯಲ್ಲಿಯೂ ಇದ್ದಾರೆ. ಮೊಣಕಾಲು ನೋವೆಂದು ಅವರು ಮೈದಾನದ ಅಂಚಿನಲ್ಲಿ ನಿಂತು ನೋಡುತ್ತಾರೆ. ವಿದ್ಯಾರ್ಥಿಗಳೇ, ಅವರನ್ನು ಕಂಡು ನಗಬೇಡಿ. ಕೈಹಿಡಿದು ಒಳಕ್ಕೆ ಕರೆತನ್ನಿ. ಅವರಿಗೆ ಓಡಲು ಬಾರದಿರಬಹುದು, ಚೆಂಡು ಎಲ್ಲಿಗೆ ಬರುವುದೆಂದು ತಿಳಿದಿದೆ. ಆ ತಿಳಿವಳಿಕೆಯನ್ನು ನೀವು ಕೇಳಿ ಪಡೆದುಕೊಂಡರೆ, ಅದಕ್ಕೆ ಡಾಲರಿನ ಬೆಲೆ ತೆರಬೇಕಾಗಿಲ್ಲ.

ಮನನಕ್ಕೆ:
1. ಅಮೆರಿಕದ ಮೊದಲನೆಯ ಲೀಗು ಏಕೆ ಅಳಿಯಿತು? ಎರಡನೆಯದು ಏಕೆ ಉಳಿಯಿತು?
2. ವಯಸ್ಸಾದಂತೆ ಆಟಗಾರನಲ್ಲಿ ಕುಗ್ಗುವ ಗುಣಗಳಾವುವು? ಉಳಿಯುವ ಗುಣಗಳಾವುವು?
3. ನಿಮ್ಮ ಹಟ್ಟಿಯ ಹಿರಿಯ ಆಟಗಾರರೊಬ್ಬರನ್ನು ಕಂಡು, ಅವರಿಂದ ಕಲಿತ ಒಂದು ಸಂಗತಿಯನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.