ಹಾರಲಾರದ ಬಿಲಗೂಬೆ ಮೇಷ್ಟ್ರು

ನಮ್ಮೂರ ಕಡೆ ಗೂಬೆ ಅಂದರೆ ಬೈಗುಳ, ಮನೆ ಮೇಲೆ ಕೂತರೆ ಅಪಶಕುನ. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಆ ಭಯವಿಲ್ಲ, ಸದ್ಯ! ಇತ್ತೀಚೆಗೆ ಇಲ್ಲಿನ ಪಾರ್ಕೊಂದರಲ್ಲಿ ಕಾರ್ಯಕರ್ತೆಯೊಬ್ಬರ ಚರ್ಮದ ಗ್ಲೌಸ್ ಮೇಲೆ ಪುಟ್ಟ ಬಿಲಗೂಬೆಯೊಂದು ಕೂತಿತ್ತು. ಕಾರಿಗೆ ಬಡಿದು ರೆಕ್ಕೆ ಮುರಿದಿದ್ದ ಹಕ್ಕಿ. "ಗಾಯ ವಾಸಿಯಾಗಿದೆಯಲ್ಲ ಅಪ್ಪ, ಯಾಕೆ ಬಿಟ್ಟುಬಿಡಲ್ಲ?" ಎಂದಳು ಮಗಳು. ನಿಮ್ಮ ಮಕ್ಕಳೂ ಕೇಳಬಹುದಾದ ಪ್ರಶ್ನೆ, ಅದಕ್ಕೇ ಈ ಪಾಠ.

ಮೊದಲು ಹಕ್ಕಿಯ ಪರಿಚಯ. ಎತ್ತರ ಸುಮಾರು 9 ಇಂಚು, ಕಾಲು ಮಾತ್ರ ಕೊಕ್ಕರೆಯಿಂದ ಸಾಲ ತಂದಂತೆ ಉದ್ದ. ನಮ್ಮ ಹಾಲಕ್ಕಿಯ ದಾಯಾದಿ. ಎರಡೂ 'ಅಥೀನೆ' ಕುಲದವು. ಇಲ್ಲಿ ನೆಲದ ಅಳಿಲುಗಳು ಬಿಟ್ಟ ಬಿಲದಲ್ಲಿ ಸಂಸಾರ ಹೂಡುತ್ತದೆ. ಯಾರಾದರೂ ಹತ್ತಿರ ಬಂದರೆ ಒಳಗಿನ ಮರಿಗಳು ಬುರುಡೆ ಹಾವಿನಂತೆ, ಅದೇ ಇಲ್ಲಿಯ ರ‍್ಯಾಟಲ್ ಸ್ನೇಕ್‌ನಂತೆ, ಬುಸುಗುಟ್ಟಿ ಹೆದರಿಸುತ್ತವೆ. ಬಿಲದ ಬಾಗಿಲಿಗೆ ಸಗಣಿ ತಂದು ಹಾಕುವುದೂ ಉಂಟು. ಸಾರಿಸಲಿಕ್ಕಲ್ಲ! ಸಗಣಿ ಹುಳುಗಳು ತಾವಾಗಿಯೇ ಬಂದು ಊಟವಾಗಲಿ ಎಂದು. ಫ್ಲಾರಿಡಾದ ಈ ಅಧ್ಯಯನ 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದಿತ್ತು.

ಈಗ ರೆಕ್ಕೆಯ ವಿಷಯ. ಹಕ್ಕಿಯ ಮುರಿದ ಮೂಳೆ ಬಹಳ ಬೇಗ, ಹೆಚ್ಚುಕಡಿಮೆ ಮೂರು ವಾರದಲ್ಲಿ ಕೂಡಿಕೊಳ್ಳುತ್ತದೆ. ತೊಂದರೆ ಇರುವುದೂ ಅಲ್ಲೇ. ಡಾಕ್ಟರ ಕೈಸೇರುವುದು ಕೆಲವು ದಿನ ತಡವಾದರೆ ಸೊಟ್ಟಗೆ ಕೂಡಿರುತ್ತದೆ, ಆಮೇಲೆ ರೆಕ್ಕೆ ಪೂರ್ತಿ ಬಿಚ್ಚುವುದಿಲ್ಲ. ಬೇಟೆಯಾಡಲು, ಗಿಡುಗನಿಂದ ತಪ್ಪಿಸಿಕೊಳ್ಳಲು ಮುಕ್ಕಾಲು ರೆಕ್ಕೆ ಸಾಲದು. ನಮ್ಮ ಸಾಫ್ಟ್‌ವೇರಿನವರ ಹಾಗೆ "ಸಣ್ಣ ಬಗ್ ತಾನೆ, ರಿಲೀಸ್ ಮಾಡಿ" ಅನ್ನುವಂತಿಲ್ಲ.

ಇಂಥ ಹಕ್ಕಿಗಳೆಲ್ಲ ಮೇಷ್ಟ್ರಾಗುವುದಿಲ್ಲ. ತಾನಾಗಿ ತಿನ್ನಲಾರದ, ನೆಟ್ಟಗೆ ಕೂರಲಾರದ ಹಕ್ಕಿಗೆ ಮತ್ತೆ ಗುಣವಾಗದಿದ್ದರೆ ನೋವಿಲ್ಲದ ಸಾವು ಕೊಡಬೇಕೆಂದು ಫೆಡರಲ್ ನಿಯಮ ಹೇಳುತ್ತದೆ. ಚಿಕಿತ್ಸೆಗೆಂದು ಇಟ್ಟುಕೊಳ್ಳಲು ವಿಶೇಷ ಅನುಮತಿಯಿಲ್ಲದೆ 180 ದಿನ ಮೀರುವಂತಿಲ್ಲ. ಉಳಿದವುಗಳಲ್ಲಿ ಜನರ ಗದ್ದಲಕ್ಕೆ ಹೆದರದೆ ತಾಳಿಕೊಳ್ಳುವ ಸ್ವಭಾವದ್ದು ಮಾತ್ರ, ಬೇರೆ ಪರವಾನಗಿ ಪಡೆದು, ಶಿಕ್ಷಣದ ರಾಯಭಾರಿಯಾಗಬಹುದು. ಇದನ್ನು ಎಂಟು ವರ್ಷದ ಮಗಳಿಗೆ ಹೇಳಲೋ ಬೇಡವೋ ಎಂದು ಯೋಚಿಸಿ, ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ರಾಯಭಾರಿ ಅಂದರೂ ಸಾಕುಪ್ರಾಣಿಯಲ್ಲ, ನಾವು ಮುಟ್ಟುವಂತಿಲ್ಲ. ಅದು ಮೇಲೆ ಕೆಳಗೆ ಕುಣಿದಾಗ ಮಕ್ಕಳೆಲ್ಲ ಡ್ಯಾನ್ಸ್ ಎಂದು ನಕ್ಕರು. ಅದು ಗಾಬರಿಯ ಲಕ್ಷಣವಂತೆ. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದ ಮೇಲೆ ನಿಂತಿತು.

ಅಂದ ಹಾಗೆ, ನಮ್ಮ ಬೇ ಏರಿಯಾದ ಆಫೀಸುಗಳೂ ಪಾರ್ಕಿಂಗ್ ಲಾಟುಗಳೂ ಎದ್ದಿರುವುದು ಇಂಥದೇ ಬಯಲಿನ ಮೇಲೆ. ಬಿಲ ಮುಚ್ಚಿದರೆ ಗೂಬೆಗೆ ಮನೆಯಿಲ್ಲ. 2024ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಇದನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಅಭ್ಯರ್ಥಿಯೆಂದು ಒಪ್ಪಿಕೊಂಡಿತು.

ಗಾಯಗೊಂಡ ಹಕ್ಕಿ ನಿಮಗೆ ಸಿಕ್ಕರೆ: ಟವೆಲ್ ಹೊದಿಸಿ ಎತ್ತಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಡಿ. ಕತ್ತಲು, ಬೆಚ್ಚಗಿನ ಜಾಗ, ನಿಶ್ಶಬ್ದ ಸಾಕು. ಅನ್ನ ಹಾಲು ನೀರು ಏನೂ ಬೇಡ (ಅಜ್ಜಿಯರು ದಯವಿಟ್ಟು ಕ್ಷಮಿಸಿ). ಹತ್ತಿರದ ವನ್ಯಜೀವಿ ಆರೈಕೆ ಕೇಂದ್ರಕ್ಕೆ ಆ ದಿನವೇ ಫೋನ್ ಮಾಡಿ, ನಾಳೆಗೆ ಬಿಡಬೇಡಿ. ಸಿಕ್ಕಿದ ಜಾಗವನ್ನೂ ಬರೆದಿಟ್ಟುಕೊಳ್ಳಿ. ಗುಣವಾದರೆ ಅಲ್ಲಿಗೇ ತಂದು ಬಿಡುತ್ತಾರೆ.