ಹೊಸ ಟ್ಯಾಬ್ ಪಕ್ಕದಲ್ಲಿ ಹಳೇ ಟ್ಯಾಬ್ ಯಾಕೆ?

ಓದಿ, ತಿಳಿಯಿರಿ

ಭೈರವಾನಿತಿಪ್ಪದ ಕಡೆಯ ಒಬ್ಬ ಅಕ್ಕ. ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಾಳೆ. ರಾಯದುರ್ಗ ಜೀನ್ಸ್ ಹೊಲಿಗೆಗೆ ಹೆಸರಾದ ಊರು. ಅಲ್ಲಿಂದ ಕತ್ತರಿಸಿದ ಬಟ್ಟೆ ಬರುತ್ತದೆ. ಅಕ್ಕ ಅದನ್ನು ಹೊಲಿದು ಕೊಡುತ್ತಾಳೆ. ಪ್ಯಾಂಟಿಗೆ ಇಷ್ಟು ಅಂತ ಕೂಲಿ.

ಅಕ್ಕನ ಮಗಳು ಇಂಟರ್ ಸೇರಿದಳು. "ಅಮ್ಮಾ, ಪಾಠದ ವಿಡಿಯೋ ನೋಡೋಕೆ ಒಂದು ಟ್ಯಾಬ್ ಬೇಕು" ಅಂದಳು. ಅಕ್ಕ ಕೂಲಿಯಲ್ಲಿ ಉಳಿಸಿ ಉಳಿಸಿ 14 ಸಾವಿರ ಕೂಡಿಸಿದಳು. ಇಬ್ಬರೂ ರಾಯದುರ್ಗದ ಬಸ್ಸು ಹತ್ತಿದರು.

ಅಂಗಡಿಯಲ್ಲಿ ಎರಡು ಟ್ಯಾಬ್ ಪಕ್ಕಪಕ್ಕದಲ್ಲಿ ಇದ್ದವು. ಒಂದಕ್ಕೆ 12 ಸಾವಿರ. ಇನ್ನೊಂದಕ್ಕೆ 18 ಸಾವಿರ.

"ಎರಡೂ ಒಂದೇ ಕಂಪನಿದು. ನೋಡೋಕೆ ಒಂದೇ ಥರ ಐತೆ. ಇದ್ಯಾಕಪ್ಪ ಇಷ್ಟು ಕಮ್ಮಿ?" ಅಕ್ಕ ಕೇಳಿದಳು.

"ಅದು ಹಳೇ ಮಾಡೆಲ್, ಅಕ್ಕ."

"ಹಳೇದಾ? ಯಾರೋ ಬಳಸಿದ್ದಾ?"

"ಇಲ್ಲಕ್ಕ. ಹೊಸದೇ. ಡಬ್ಬಿ ಇನ್ನೂ ಬಿಚ್ಚಿಲ್ಲ. ಮಾಡೆಲ್ ಮಾತ್ರ ಹಳೇದು."

ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಹೊಸದು ಬಂದ ಮೇಲೂ ಹಳೇದನ್ನು ಯಾಕೆ ಮಾರುತ್ತಾರೆ? ಹಳೇದು ಚೆನ್ನಾಗಿದ್ದರೆ ಹೊಸದನ್ನು ಯಾಕೆ ಮಾಡುತ್ತಾರೆ? ಇದರಲ್ಲಿ ಏನಾದರೂ ಮೋಸ ಇದೆಯಾ? ಸೆರಗಿನ ಗಂಟನ್ನು ಅವಳು ಬಿಚ್ಚಲಿಲ್ಲ. "ಕೇಳಿಕೊಂಡು ಬರ್ತೀವಿ" ಅಂತ ಹೊರಗೆ ಬಂದಳು.

ಅಕ್ಕ ಮಾಡಿದ್ದು ಸರಿ. ಅವಳ ಪ್ರಶ್ನೆಗೆ ಉತ್ತರ ಹುಡುಕೋಣ.

ಟ್ಯಾಬ್ ಅಂದರೆ ಏನು?

ನಾವು ಅಕ್ಷರ ತಿದ್ದಿದ ಹಲಗೆ ನೆನಪಿದೆಯಲ್ಲ? ಟ್ಯಾಬ್ಲೆಟ್ ಅನ್ನುವ ಮಾತಿಗೆ ಹಲಗೆ ಎಂದೇ ಅರ್ಥ. ಇದು ಕಂಪ್ಯೂಟರ್ ಇರುವ ಹಲಗೆ. ಜನ ಚಿಕ್ಕದಾಗಿ ಟ್ಯಾಬ್ ಅನ್ನುತ್ತಾರೆ. ಫೋನಿಗಿಂತ ದೊಡ್ಡದು. ಬೆರಳಿನಿಂದ ಮುಟ್ಟಿದರೆ ಕೆಲಸ ಮಾಡುತ್ತದೆ.

ಕಂಪನಿಯ ಲೆಕ್ಕ

ಒಂದನೇ ಕಾರಣ: ಮೊದಲ ಖರ್ಚು ಮುಗಿದಿರುತ್ತದೆ.

ಅಕ್ಕನ ಕೆಲಸವನ್ನೇ ನೋಡಿ. ಹೊಸ ಮಾದರಿಯ ಪ್ಯಾಂಟು ಬಂದಾಗ ಮೊದಲು ಅಳತೆ ಕಾಗದ ಕತ್ತರಿಸಬೇಕು. ಮೊದಲ ದಿನ ಕೈ ಓಡುವುದಿಲ್ಲ. ಬಟ್ಟೆ ಹಾಳಾಗುತ್ತದೆ. ನೂರು ಪ್ಯಾಂಟು ಹೊಲಿದ ಮೇಲೆ ಕೈ ತಾನೇ ಓಡುತ್ತದೆ. ಟ್ಯಾಬೂ ಹಾಗೇ. ಅಚ್ಚು ಮಾಡಿಸಲು, ಯಂತ್ರ ಕೂಡಿಸಲು, ಪರೀಕ್ಷೆ ಮಾಡಲು ಮೊದಲು ಬಹಳ ಖರ್ಚು. ಎರಡು ವರ್ಷ ಮಾರಿದ ಮೇಲೆ ಆ ಖರ್ಚು ವಾಪಸು ಬಂದಿರುತ್ತದೆ. ಒಳಗಿನ ಬಿಡಿಭಾಗಗಳೂ ಸಾಮಾನ್ಯವಾಗಿ ಅಗ್ಗ ಆಗಿರುತ್ತವೆ. ಆಗ ಕಡಿಮೆ ಬೆಲೆಗೆ ಮಾರಿದರೂ ಕಂಪನಿಗೆ ಲಾಭ ಉಳಿಯುತ್ತದೆ.

ಎರಡನೇ ಕಾರಣ: ಎಲ್ಲರ ಜೇಬು ಒಂದೇ ಥರ ಇರುವುದಿಲ್ಲ.

ಅಮೆರಿಕದ ಆಪಲ್ ಕಂಪನಿ 2011ರ ಮಾರ್ಚ್‌ನಲ್ಲಿ ಐಪ್ಯಾಡ್ 2 ಎಂಬ ಟ್ಯಾಬ್ ತಂದಿತು. ಅಲ್ಲಿ ಅದರ ಬೆಲೆ 499 ಡಾಲರಿನಿಂದ ಶುರು. 2012ರ ಮಾರ್ಚ್‌ನಲ್ಲಿ ಮೂರನೇ ಐಪ್ಯಾಡ್ ಬಂತು. ಹೊಸದರ ಬೆಲೆ ಅದೇ 499. ಕಂಪನಿ ಹಳೆಯದನ್ನು ನಿಲ್ಲಿಸಲಿಲ್ಲ. 399 ಡಾಲರಿಗೆ ಇಳಿಸಿ ಪಕ್ಕದಲ್ಲೇ ಇಟ್ಟಿತು. ದುಡ್ಡು ಕಡಿಮೆ ಇರುವ ಗಿರಾಕಿ ಬೇರೆ ಕಂಪನಿಯ ಅಂಗಡಿಗೆ ಹೋಗಬಾರದು, ಅದೇ ಲೆಕ್ಕ. ತಮಾಷೆ ನೋಡಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ನಾಲ್ಕನೆಯದು ಬಂದಾಗ ಮೂರನೆಯದನ್ನು ನಿಲ್ಲಿಸಿದರು. ಎರಡನೆಯದು ಮಾತ್ರ 2014ರ ಮಾರ್ಚ್‌ವರೆಗೆ ಮಾರಾಟದಲ್ಲಿ ಇತ್ತು!

ಮೂರನೇ ಕಾರಣ: ಶಾಲೆಗಳಿಗೆ ಒಂದೇ ಥರದ್ದು ಬೇಕು.

2022ರ ಡಿಸೆಂಬರ್‌ನಲ್ಲಿ ಆಂಧ್ರಪ್ರದೇಶ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಟ್ಯಾಬ್ ಕೊಟ್ಟಿತು. ಮೇಷ್ಟ್ರುಗಳಿಗೆ ಕೊಟ್ಟದ್ದೂ ಸೇರಿ 5 ಲಕ್ಷಕ್ಕಿಂತ ಹೆಚ್ಚು. ಇಷ್ಟೊಂದು ಕೊಳ್ಳುವಾಗ ಒಂದೊಂದು ಶಾಲೆಗೆ ಒಂದೊಂದು ಮಾಡೆಲ್ ಆದರೆ ಕಷ್ಟ. ಚಾರ್ಜರ್, ಕವರ್, ರಿಪೇರಿ ಸಾಮಾನು ಎಲ್ಲಕ್ಕೂ ಹೊಂದಬೇಕು. ಇಂಥ ದೊಡ್ಡ ಗಿರಾಕಿಗಳಿಗೆ ತೀರಾ ಹೊಸದೇ ಬೇಕು ಅಂತಿಲ್ಲ. ಒಂದೇ ಮಾಡೆಲ್ ವರ್ಷಗಟ್ಟಲೆ ಸಿಗಬೇಕು. ಅದಕ್ಕೂ ಕಂಪನಿಗಳು ಹಳೇ ಮಾಡೆಲ್ ಮುಂದುವರಿಸುತ್ತವೆ.

ನಾಲ್ಕನೇ ಕಾರಣ: ಪಕ್ಕದಲ್ಲಿ ಇಟ್ಟರೆ ಕಣ್ಣು ಹೋಗುತ್ತದೆ.

ಅಗ್ಗದ್ದನ್ನು ಕೇಳಲು ಹೋದವರಿಗೆ ಪಕ್ಕದ ಹೊಸದು ಕಾಣುತ್ತದೆ. "ಇನ್ನು ಸ್ವಲ್ಪ ಸೇರಿಸಿದರೆ ಇದೇ ಬರುತ್ತಲ್ಲ" ಅನ್ನಿಸುತ್ತದೆ. ಇದೂ ವ್ಯಾಪಾರದ ಜಾಣತನ. ಸೀರೆ ಅಂಗಡಿಯಲ್ಲಿ ನಾವು ಕಂಡಿದ್ದೇ.

ಹಳೇದು ಅಂದರೆ ಕೆಟ್ಟದ್ದಾ?

ನಮ್ಮ ಹೊಲದ ಮಾತು ತಗೊಳ್ಳಿ. ಟಿ.ಎಂ.ವಿ. 2 ಕಡಲೆಕಾಯಿ ತಳಿ ಬಂದದ್ದು 1940ರಲ್ಲಿ. ಕದಿರಿ 6 ತಳಿ ಬಂದದ್ದು 2002ರಲ್ಲಿ. ಹೊಸ ತಳಿ ಬಂದ ಮೇಲೂ ಹಳೇದನ್ನು ಬಿತ್ತಿದವರು ಇದ್ದರು. ಹಳೇದು ಅಂದ ಮಾತ್ರಕ್ಕೆ ಯಾವುದೂ ಕೆಟ್ಟದ್ದಲ್ಲ.

ಆದರೆ ಬೀಜದ ಚೀಲ ಕೊಳ್ಳುವಾಗ ನಾವು ಚೀಟಿಯ ಮೇಲಿನ ತಾರೀಖು ನೋಡುತ್ತೇವೆ. ಅವಧಿ ಮುಗಿದ ಬೀಜ ತರುವುದಿಲ್ಲ. ಟ್ಯಾಬಿಗೂ ಒಂದು ಅವಧಿ ಇದೆ. ಅದು ಡಬ್ಬಿಯ ಮೇಲೆ ಕಾಣುವುದಿಲ್ಲ.

ಟ್ಯಾಬಿನೊಳಗೆ ಅದನ್ನು ನಡೆಸುವ ತಂತ್ರಾಂಶ ಇರುತ್ತದೆ. ಕಂಪನಿ ಆಗಾಗ ಅದನ್ನು ಸರಿಪಡಿಸಿ ಕಳಿಸುತ್ತದೆ. ಇದಕ್ಕೆ ಅಪ್‌ಡೇಟ್ ಅನ್ನುತ್ತಾರೆ. ಕಳ್ಳರು ನುಗ್ಗುವ ಕಿಂಡಿಗಳನ್ನು ಅದು ಮುಚ್ಚುತ್ತದೆ. ಕೆಲವು ವರ್ಷ ಆದ ಮೇಲೆ ಕಂಪನಿ ಇದನ್ನು ಕಳಿಸುವುದು ನಿಲ್ಲಿಸುತ್ತದೆ. ನಿಂತ ದಿನವೇ ಟ್ಯಾಬ್ ಕೆಡುವುದಿಲ್ಲ. ವಿಡಿಯೋ ಓಡುತ್ತದೆ. ಆದರೆ ಹೊಸ ಆ್ಯಪ್‌ಗಳು ಒಂದೊಂದಾಗಿ ಬರದೆ ಹೋಗುತ್ತವೆ. ಬ್ಯಾಂಕಿನ ಕೆಲಸ ಅದರಲ್ಲಿ ಮಾಡುವುದು ಅಪಾಯ.

ಮುಖ್ಯ ಮಾತು ಇಲ್ಲಿದೆ. ಈ ಅವಧಿಯನ್ನು ಸಾಮಾನ್ಯವಾಗಿ ಮಾಡೆಲ್ ಬಂದ ದಿನದಿಂದ ಲೆಕ್ಕ ಹಾಕುತ್ತಾರೆ. ನಾವು ಕೊಂಡ ದಿನದಿಂದ ಅಲ್ಲ. ಐಪ್ಯಾಡ್ 2ಕ್ಕೆ 2016ರ ಸೆಪ್ಟೆಂಬರ್‌ನಲ್ಲಿ ಬಂದ ಹೊಸ ತಂತ್ರಾಂಶ ಸಿಗಲಿಲ್ಲ. 2011ರಲ್ಲಿ ಕೊಂಡವರಿಗೆ ಐದು ವರ್ಷ ಸಿಕ್ಕಿತ್ತು. 2014ರಲ್ಲಿ ಕೊಂಡವರಿಗೆ ಎರಡೂವರೆ ವರ್ಷ ಮಾತ್ರ ಸಿಕ್ಕಿತು. ಟ್ಯಾಬ್ ಒಂದೇ. ಸಿಕ್ಕ ಆಯುಸ್ಸು ಬೇರೆ.

ಇನ್ನೊಂದು ಮಾತು. ಹೊಸದು ಬಂದರೆ ಹಳೇದರ ಬೆಲೆ ಇಳಿದೇ ಇಳಿಯುತ್ತದೆ ಅಂತ ನಂಬಬೇಡಿ. 2021ರಲ್ಲಿ ಬಂದ ಒಂಬತ್ತನೇ ಐಪ್ಯಾಡಿಗೆ ನಮ್ಮ ದೇಶದಲ್ಲಿ 30,900 ರೂಪಾಯಿ ಇತ್ತು. 2022ರ ಅಕ್ಟೋಬರ್‌ನಲ್ಲಿ ಹತ್ತನೆಯದು 44,900 ರೂಪಾಯಿಗೆ ಬಂತು. ಆಗ ಹಳೆಯದರ ಬೆಲೆ 33,900ಕ್ಕೆ ಏರಿತು!

ಅಕ್ಕ ಮತ್ತೆ ಹೋದಳು

ಅಕ್ಕ ಈ ಸಲ ಚೀಟಿಯಲ್ಲಿ ಬರೆದುಕೊಂಡು ಹೋದಳು. ತನ್ನ ಕೈಬರಹವನ್ನು ತಾನೇ ಓದಿ ಕೇಳಿದಳು.

"ಈ ಮಾಡೆಲ್ ಯಾವ ವರ್ಷ ಬಂತು? ಅಪ್‌ಡೇಟ್ ಯಾವ ವರ್ಷದ ತನಕ ಬರ್ತೈತೆ?"

ಅಂಗಡಿಯವನು ಅವಳ ಮುಖ ನೋಡಿದ. ಫೋನಿನಲ್ಲಿ ಹುಡುಕಿ ಹೇಳಿದ. 12 ಸಾವಿರದ್ದು ಬಂದು ಮೂರು ವರ್ಷ ಆಗಿತ್ತು. ಇನ್ನು ಒಂದೇ ವರ್ಷ ಅಪ್‌ಡೇಟ್. 18 ಸಾವಿರದ್ದಕ್ಕೆ ನಾಲ್ಕು ವರ್ಷ.

"ಇವೆರಡರ ನಡುವೆ ಇನ್ನೊಂದು ಇಲ್ವಾ?"

ಅವನು ಒಳಗಿನಿಂದ ಒಂದು ತಂದ. ಹೋದ ವರ್ಷದ ಮಾಡೆಲ್. ಬೆಲೆ 13,500. ಇನ್ನೂ ಮೂರು ವರ್ಷ ಅಪ್‌ಡೇಟ್.

ಮಗಳು ಚೀಟಿಯ ಹಿಂದೆ ಲೆಕ್ಕ ಹಾಕಿದಳು. ಮೊದಲನೆಯದಕ್ಕೆ ವರ್ಷಕ್ಕೆ 12,000 ಬಿತ್ತು. ನಡುವಿನದಕ್ಕೆ ವರ್ಷಕ್ಕೆ 4,500. ಹೊಸದಕ್ಕೂ ವರ್ಷಕ್ಕೆ 4,500. ಎಲ್ಲಕ್ಕಿಂತ ಅಗ್ಗವಾಗಿ ಕಂಡದ್ದೇ ಎಲ್ಲಕ್ಕಿಂತ ದುಬಾರಿ ಆಗಿತ್ತು. ಹೊಸದು ತಪ್ಪಲ್ಲ, ಆದರೆ ಅದಕ್ಕೆ ಸಾಲ ಮಾಡಬೇಕಿತ್ತು.

ಅಕ್ಕ ಸೆರಗಿನ ಗಂಟು ಬಿಚ್ಚಿದಳು. ನಡುವಿನದನ್ನು ಕೊಂಡಳು. ಬಿಲ್ಲು ಕೇಳಿ ತಗೊಂಡಳು. ಉಳಿದ 500 ರೂಪಾಯಿಗೆ ಕವರ್ ಬಂತು.

ಕೊಳ್ಳುವ ಮೊದಲು ಕೇಳಿ

1. ಈ ಮಾಡೆಲ್ ಯಾವ ವರ್ಷ ಬಂತು?
2. ಅಪ್‌ಡೇಟ್ ಯಾವ ವರ್ಷದವರೆಗೆ ಬರುತ್ತದೆ?
3. ಕಂಪನಿ ಇದನ್ನು ಈಗಲೂ ಮಾರುತ್ತಿದೆಯಾ, ಅಂಗಡಿಯಲ್ಲಿ ಉಳಿದ ಮಾಲಾ?
4. ಯಾರಾದರೂ ಬಳಸಿ, ರಿಪೇರಿ ಮಾಡಿ, ಮತ್ತೆ ಡಬ್ಬಿಗೆ ಹಾಕಿದ್ದಾ?
5. ಗ್ಯಾರಂಟಿ ಎಷ್ಟು ದಿನ? ಬಿಲ್ಲು ಕೊಡುತ್ತೀರಾ?

ಪದಗಳ ಅರ್ಥ

ಮಾಡೆಲ್ – ಮಾದರಿ
ತಂತ್ರಾಂಶ – ಯಂತ್ರವನ್ನು ನಡೆಸುವ ಒಳಗಿನ ಬರಹ
ಅಪ್‌ಡೇಟ್ – ತಂತ್ರಾಂಶವನ್ನು ಸರಿಪಡಿಸಿ ಹೊಸದು ಮಾಡುವುದು
ಗಿರಾಕಿ – ಕೊಳ್ಳುವವರು

ಅಭ್ಯಾಸ

1. ಕಂಪನಿಗಳು ಹಳೇ ಮಾಡೆಲ್ ಮಾರಲು ನಾಲ್ಕು ಕಾರಣ ಯಾವುವು? ಒಂದೊಂದು ಸಾಲು ಬರೆಯಿರಿ.
2. ಬಿಟ್ಟ ಸ್ಥಳ ತುಂಬಿ: ಅಪ್‌ಡೇಟ್ ಅವಧಿಯನ್ನು ಸಾಮಾನ್ಯವಾಗಿ ಮಾಡೆಲ್ ______ ದಿನದಿಂದ ಲೆಕ್ಕ ಹಾಕುತ್ತಾರೆ.
3. ಲೆಕ್ಕ ಮಾಡಿ: ಒಂದು ಟ್ಯಾಬಿಗೆ 10,000 ರೂಪಾಯಿ, ಎರಡು ವರ್ಷ ಅಪ್‌ಡೇಟ್. ಇನ್ನೊಂದಕ್ಕೆ 16,000 ರೂಪಾಯಿ, ನಾಲ್ಕು ವರ್ಷ ಅಪ್‌ಡೇಟ್. ವರ್ಷದ ಲೆಕ್ಕದಲ್ಲಿ ಯಾವುದು ಅಗ್ಗ?
4. ನಿಮ್ಮ ಮನೆಯ ಫೋನು ಯಾವ ವರ್ಷದ ಮಾಡೆಲ್? ಮಕ್ಕಳನ್ನು ಕೇಳಿ ಬರೆದುಕೊಂಡು ಬನ್ನಿ. ಕೇಂದ್ರದಲ್ಲಿ ಎಲ್ಲರೂ ಓದಿ ಹೇಳಿ.